ಇಬ್ಬರಾದರೆ ಒಬ್ಬರು ಮನೆಗೆ

ಹೋದ ತಿಂಗಳು ಒಂದು ಮಧ್ಯಾಹ್ನ ನೀಲಾ ಫೋನು ಮಾಡಿ, "ಬಾಯಾರು ಹೋದ್ರು ನೋಡ್ರಿ, ಕಾಕಾ" ಎಂದಳು. ಅಷ್ಟೇ. ಫೋನಿಟ್ಟ ಮೇಲೆ ನನ್ನ ಹೆಂಡತಿ ಯಾವ ಬಾಯಾರು ಎಂದು ಕೇಳಲಿಲ್ಲ. ನಮ್ಮ ಮನೆಯಲ್ಲಿ ಬಾಯಾರು ಎಂದರೆ ಒಬ್ಬರೇ. ಒಲೆ ಆರಿಸಿ ಬಂದು ನನ್ನ ಪಕ್ಕ ಕೂತಳು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ಉಪಯೋಗವಿಲ್ಲ, ಊರಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ನರ್ಸಬಾಯಾರು ಎನ್ನುತ್ತಿದ್ದರು, ಅವಸರವಿದ್ದಾಗ ಬರೀ ಬಾಯಾರು. ಅವರನ್ನು ಕರೆಯಲು ಬರುವವರಿಗೆ ಅವಸರವಿಲ್ಲದ ದಿನವೇ ಇರಲಿಲ್ಲವಾದ್ದರಿಂದ ಬಾಯಾರು ಎಂಬುದೇ ಉಳಿಯಿತು. ನನ್ನ ನೌಕರಿಯಲ್ಲಿ ನಾನು ಬಹಳ ಜನರನ್ನು ನೋಡಿದ್ದೇನೆ. ದೊಡ್ಡ ಡಾಕ್ಟರರು, ಸ್ವಾಮಿಗಳು, ಒಬ್ಬಿಬ್ಬರು ಮಂತ್ರಿಗಳು. ಯಾರ ಮುಂದೆಯೂ ನನ್ನ ತಲೆ ತಾನಾಗಿ ಬಾಗಿದ್ದಿಲ್ಲ. ನಾನೇ ಬಾಗಿಸಿದ್ದೇನೆ, ಅದು ಬೇರೆ. ಈ ಹೆಣ್ಣುಮಗಳ ಮುಂದೆ ಮಾತ್ರ ಅದು ತಾನಾಗಿ ಬಾಗುತ್ತಿತ್ತು. ಯಾಕೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಶುರುವಿನಲ್ಲಿ ನಾನು ಕಲಘಟಗಿ ತಾಲೂಕಿನ ಒಂದು ಹಳ್ಳಿಯ ಸರಕಾರಿ ದವಾಖಾನೆಗೆ ಕಂಪೌಂಡರ್ ಆಗಿ ಹೋದೆ. ದೇವಿಕೊಪ್ಪದ ಕಡೆಯ ರಸ್ತೆ ಬಿಟ್ಟು ಒಳಗೆ ಹೋಗಬೇಕು. ಡಾಕ್ಟರು ಹುಬ್ಬಳ್ಳಿಯಿಂದ ಬರುತ್ತಿದ್ದರು, ವಾರದಲ್ಲಿ ಕೆಲವು ದಿನ. ಮಳೆ ಜೋರಾದರೆ ಆ ದಿನಗಳೂ ಇಲ್ಲ. ಉಳಿದಂತೆ ದವಾಖಾನೆ ಎಂದರೆ ನಾನು, ಒಬ್ಬ ಮುದುಕಿ ಆಯಾ, ಮತ್ತು ಬಾಯಾರು. ಸರಕಾರದ ಲೆಕ್ಕದ ಪ್ರಕಾರ ಅಲ್ಲಿ ಇನ್ನೂ ಇಬ್ಬರು ನರ್ಸುಗಳು ಇರಬೇಕಿತ್ತು. ಅವರಿಗೆಂದು ಬಂದ ಖುರ್ಚಿಗಳ ಮೇಲೆ ನಾವು ಹತ್ತಿಯ ಗಂಟು ಇಡುತ್ತಿದ್ದೆವು.

ಬಾಯಾರು ಎತ್ತರದ ಆಳು. ಅಗಲ ಹೆಜ್ಜೆ. ಬಿಳಿ ಸೀರೆಯ ಅಂಚು ನಮ್ಮ ಕಡೆಯ ಕೆಮ್ಮಣ್ಣಿಗೆ ಸದಾ ಕೆಂಪಾಗಿರುತ್ತಿತ್ತು, ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಹೆರಿಗೆಗೆ ಕರೆದರೆ ಆ ಮನೆಗೆ ಮುಟ್ಟುವ ಮೊದಲೇ ಓಣಿಯ ತುದಿಯಿಂದ "ನೀರ ಕಾಯಸ್ರಿ!" ಎಂದು ಕೂಗುತ್ತಿದ್ದರು. ಅವರು ಒಳಗೆ ಹೋಗುವಷ್ಟರಲ್ಲಿ ಆ ಮನೆಯಲ್ಲಷ್ಟೇ ಅಲ್ಲ, ಅಕ್ಕಪಕ್ಕದ ಮನೆಗಳಲ್ಲೂ ನೀರು ಒಲೆಗೇರಿರುತ್ತಿತ್ತು. ಬೇನೆ ತಿನ್ನುವ ಹುಡುಗಿಗೆ ಅವರು ಎಂದೂ ಹೆದರಬೇಡ ಎಂದವರಲ್ಲ. "ಹೆದ್ರವ್ವಾ, ಬ್ಯಾಡ ಅನ್ನೂದಿಲ್ಲ. ಹೆದರ್ಕೋತನ ಮುಕ್ಕು, ಬಲಾ ಹಾಕು" ಎನ್ನುತ್ತಿದ್ದರು. ನನ್ನ ಹೆಂಡತಿ ಇವತ್ತಿಗೂ ಕಷ್ಟದ ಕೆಲಸವೇನಾದರೂ ಎದುರಾದರೆ ಅದೇ ಮಾತು ಹೇಳಿಕೊಳ್ಳುತ್ತಾಳೆ.

ಅವರು ಕುಂದಗೋಳದವರು. ಮಗಳು ತೊಟ್ಟಿಲಲ್ಲಿದ್ದಾಗಲೇ ಗಂಡ ತೀರಿಕೊಂಡರು. ಕೂಸನ್ನು ತಾಯಿಯ ಮಡಿಲಿಗೆ ಹಾಕಿ ನರ್ಸಿಂಗ್ ಕಲಿಯಲು ಹೋದರು, ಕಲಿತು ನಮ್ಮ ಊರಿಗೆ ಬಂದರು, ಬಂದವರು ಇಲ್ಲೇ ಸಿಕ್ಕಿಹಾಕಿಕೊಂಡರು. ಮಗಳು ಕುಂದಗೋಳದಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಳು, ಅವರನ್ನು ಆಯಿ ಎನ್ನುತ್ತಿದ್ದಳು. ರವಿವಾರ ಬಂದರೆ ಬಾಯಾರು ಬಸ್ಸು ಹಿಡಿದು ಹುಬ್ಬಳ್ಳಿಗೆ, ಅಲ್ಲಿಂದ ಪ್ಯಾಸೆಂಜರ್ ರೈಲಿನಲ್ಲಿ ಕುಂದಗೋಳಕ್ಕೆ ಹೋಗಬೇಕು. ಆದರೆ ನಮ್ಮ ಊರ ಕೂಸುಗಳಿಗೆ ರವಿವಾರ ಎಂದರೆ ಬಹಳ ಪ್ರೀತಿ. ಬಸ್ಸಿನಲ್ಲಿ ಕೂತವರನ್ನು ಕೆಳಗಿಳಿಸಿ ಕರೆದುಕೊಂಡು ಹೋದದ್ದು ನಾನೇ ಎಷ್ಟೋ ಸಲ ನೋಡಿದ್ದೇನೆ. ಮಗಳಿಗೆಂದು ಕಟ್ಟಿಸಿಕೊಂಡಿದ್ದ ಚೂಡಾದ ಪೊಟ್ಟಣ ಮರುದಿನ ದವಾಖಾನೆಯ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತಿತ್ತು. ನಾವು ತಿನ್ನುತ್ತಿದ್ದೆವು. ಅವರು ತಿನ್ನುತ್ತಿರಲಿಲ್ಲ.

ಕುಂದಗೋಳಕ್ಕೆ ವರ್ಗ ಕೊಡಿ ಎಂದು ಅವರು ವರ್ಷ ವರ್ಷ ಕೇಳುತ್ತಿದ್ದರು. ಮೇಲಿನವರ ಉತ್ತರವೂ ವರ್ಷ ವರ್ಷ ಒಂದೇ: ನಿಮ್ಮ ಜಾಗಕ್ಕೆ ಇನ್ನೊಬ್ಬರು ಬರಲಿ, ಹೋಗಿರಂತೆ.

ಬರುತ್ತಿದ್ದರು ಕೂಡ. ಬಂದವರು ಉಳಿಯುತ್ತಿರಲಿಲ್ಲ. ಒಬ್ಬ ಹುಡುಗಿ ಅಪ್ಪನ ಜೊತೆ ಮೈಸೂರಿನ ಕಡೆಯಿಂದ ಟ್ರಂಕು ಹೊತ್ತು ಬಂದಳು. ಅಪ್ಪ ಕ್ವಾರ್ಟರ್ಸಿನ ಒಳಗೆ ನಿಂತು ಮೇಲೆ ನೋಡಿದರು. ಹಂಚಿಗಿಂತ ಆಕಾಶವೇ ಹೆಚ್ಚು ಕಾಣುತ್ತಿತ್ತು. ಟ್ರಂಕನ್ನು ಕೆಳಗಿಡದೆ, ಅದೇ ಬಸ್ಸು ತಿರುಗಿ ಬರುವವರೆಗೆ ರಸ್ತೆಯಲ್ಲಿ ನಿಂತು ಇಬ್ಬರೂ ಹೊರಟುಹೋದರು. ಇನ್ನೊಬ್ಬಳಿಗೆ ಮದುವೆ ನಿಶ್ಚಯವಾಗಿತ್ತು, ನೌಕರಿ ಬಿಟ್ಟರೆ ಅಕ್ಕಿಕಾಳು, ಇಲ್ಲದಿದ್ದರೆ ಇಲ್ಲ ಎಂದು ಬೀಗರು ಹೇಳಿ ಕಳಿಸಿದರು. ಮತ್ತೊಬ್ಬಳು ಚುರುಕಾಗಿದ್ದಳು, ಉಳಿಯುತ್ತಾಳೆ ಎಂದು ನಾವೆಲ್ಲ ಆಸೆಪಟ್ಟಿದ್ದೆವು. ಅವಳಿಗೆ ಮುಂಬೈಯ ಏಜೆಂಟನೊಬ್ಬ ಮಸ್ಕತ್ತಿನ ಕೆಲಸ ತೋರಿಸಿದ. ತಮ್ಮಂದಿರು, ತಂಗಿಯರು, ಕುಡುಕ ಅಪ್ಪ. ಹೋಗಲೋ ಬೇಡವೋ ಎಂದು ಆ ಹುಡುಗಿ ಬಾಯಾರನ್ನೇ ಕೇಳಿದಳು. ಅವಳು ಉಳಿದರೆ ಬಾಯಾರಿಗೆ ಕುಂದಗೋಳ. ಬಾಯಾರು ಒಂದು ಗಳಿಗೆಯೂ ತಡೆಯಲಿಲ್ಲ. "ಹೋಗವ್ವಾ. ನಿನ್ನ ಮನೀಗ ಈಗ ನೀನ ಗಂಡಮಗ" ಎಂದರು. ಅವಳನ್ನು ಬಸ್ಸು ಹತ್ತಿಸಿ ಬಂದು ಖಾಲಿಯಾದ ಖುರ್ಚಿಯ ಮೇಲೆ ತಾವೇ ಹತ್ತಿಯ ಗಂಟು ಇಟ್ಟರು.

ಈ ಹುಡುಗಿಯರನ್ನು ಓಡಿಸುವುದರಲ್ಲಿ ಊರಿನವರ ಕೈಯೂ ಇತ್ತು. ಊರಲ್ಲೊಬ್ಬ ದೊಡ್ಡ ಮನುಷ್ಯನಿದ್ದ. ಹೊಸ ನರ್ಸು ಬಂದಳೆಂದರೆ ಅವನಿಗೆ ದಿನಾ ತಲೆನೋವು. ಬಾಯಾರು ಮೂರ್ನಾಲ್ಕು ದಿನ ನೋಡಿದರು. ಆಮೇಲೆ ಎಲ್ಲರೆದುರು, "ಸಾಹುಕಾರ್ರ, ದಿನಾ ಬರೂ ತಲಿನೋವು ಭಾಳ ಕೆಟ್ಟದ್ದು. ನಿಮಗ ಹೇಳಿದ್ರ ಗಾಬರಿ ಆಗ್ತೀರಿ. ನಾಳೆ ನಿಮ್ಮ ಹೆಂಡ್ರನ್ನ ಕರ್ಕೊಂಡು ಬರ್ರಿ, ಅವರಿಗೆ ಹೇಳ್ತೀನಿ" ಎಂದರು. ಆ ತಲೆನೋವು ಮತ್ತೆ ನಮ್ಮ ದವಾಖಾನೆಯ ಮೆಟ್ಟಿಲು ಹತ್ತಲಿಲ್ಲ.

ಮೇಲಿನ ಸಾಹೇಬರೊಬ್ಬರು ಒಮ್ಮೆ ಜೀಪಿನಲ್ಲಿ ಬಂದು, ಇಲ್ಲಿ ನರ್ಸುಗಳು ಯಾಕೆ ನಿಲ್ಲುವುದಿಲ್ಲ ಎಂದು ವಿಚಾರಣೆ ಮಾಡಿದರು. ಹೊರಗೆ ಮಳೆ. ಬಾಯಾರು ಸಾಹೇಬರನ್ನು ತಮ್ಮ ಕ್ವಾರ್ಟರ್ಸಿನ ಒಳಗೆ ಕರೆದುಕೊಂಡು ಹೋಗಿ, ನಡುಮನೆಯಲ್ಲಿ ನಿಲ್ಲಿಸಿ, ಮರ್ಯಾದೆಯಿಂದ ಅವರ ತಲೆಯ ಮೇಲೆ ಛತ್ರಿ ಬಿಚ್ಚಿ ಹಿಡಿದರು. ಸಾಹೇಬರು ಒಳ್ಳೆಯವರು, ನಕ್ಕರು. ಹಂಚು ಮಾತ್ರ ಹಾಗೇ ಉಳಿದವು.

ಊರಲ್ಲಿ ಬಾಡಿಗೆಗೆ ಮನೆ ಹಿಡಿಯಬಾರದಿತ್ತೇ ಎಂದು ನೀವು ಕೇಳಬಹುದು. ಬಾಯಾರ ಮನೆತನ ಊರ ಹೊರಗಿನ ಕೇರಿಯದು. ಅದನ್ನು ಅವರು ಮುಚ್ಚಿಡುತ್ತಿರಲಿಲ್ಲ. ಮನೆ ಕೇಳಲು ಹೋದಾಗ ಮೊದಲ ಮಾತೇ ಅದು. "ಆಮ್ಯಾಲ ಗೊತ್ತಾಗಿ ನನ್ನ ಗಡಿಗಿ ಹೊರಗ ಇಡೂದಕಿಂತ ಈಗ ಇಲ್ಲ ಅಂದಬಿಡ್ರಿ" ಎನ್ನುತ್ತಿದ್ದರು. ಎಲ್ಲರೂ ಬಹಳ ಸಂಕಟಪಟ್ಟುಕೊಂಡು, ಮುಖ ಸಣ್ಣ ಮಾಡಿಕೊಂಡು, ಇಲ್ಲ ಎನ್ನುತ್ತಿದ್ದರು.

ಗಿರಣಿ ಚನ್ನಬಸಪ್ಪನವರ ಮನೆಯ ಚಹಾದ ಪ್ರಸಂಗ ಇಲ್ಲಿ ಹೇಳಲೇಬೇಕು. ಊರಿಗೆ ಹಿಟ್ಟು ಬೀಸುವ ಗಿರಣಿ ಅವರದು. ಲಿಂಗಪೂಜೆ ತಪ್ಪಿಸದ ಮನುಷ್ಯ, ಮಾತು ಕಡಿಮೆ. ಅವರ ಹಿರಿಯ ಸೊಸೆಯ ಹೆರಿಗೆ ಮಾಡಿಸಿ ಬಾಯಾರು ಹೊರಗೆ ಬಂದರೆ, ಚನ್ನಬಸಪ್ಪನವರ ತಾಯಿ ಕಟ್ಟೆಯ ತುದಿಗೆ ಒಂದು ಕಿವಿ ಮುರಿದ ಕಪ್ಪಿನಲ್ಲಿ ಚಹಾ ಇಡಿಸಿದರು. ಔಷಧದ ಪೆಟ್ಟಿಗೆ ಹೊತ್ತು ಹೋಗಿದ್ದ ನನಗೆ ಒಳಗೆ ಪಡಸಾಲೆಯಲ್ಲಿ ಚಹಾ. ಬಾಯಾರು ಕಪ್ಪನ್ನು ನೋಡಿ, ಒಳಗಿದ್ದ ಮುದುಕಿಗೆ ಕೇಳುವ ಹಾಗೆ ಹೇಳಿದರು: "ಯವ್ವಾ, ನಿಮ್ಮ ಮರಿಮೊಮ್ಮಗನ್ನ ಈ ಮನ್ಯಾಗ ಎಲ್ಲಾರ್ಗಿಂತ ಮೊದಲ ಮುಟ್ಟಿದಾಕಿ ನಾನ. ಅವನ್ನೂ ಇಲ್ಲೇ ಕಟ್ಟಿಮ್ಯಾಲ ಮಲಗಸ್ರಿ. ಇಬ್ರೂ ಕೂಡೇ ಚಾ ಕುಡೀತೀವಿ."

ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಗುತ್ತಿತ್ತು. ಚನ್ನಬಸಪ್ಪನವರು ತಾಯಿಯ ಕಡೆ ನೋಡಿದರು, ಬಾಗಿಲ ಕಡೆ ನೋಡಿದರು. ಬಾಯಾರನ್ನು ಒಳಗೆ ಕರೆಯುವ ಧೈರ್ಯ ಅವರಿಗೆ ಬರಲಿಲ್ಲ. ಆದರೆ ತಮ್ಮ ಕಪ್ಪನ್ನು ಎತ್ತಿಕೊಂಡು ಹೊರಗೆ ಹೋಗಿ ಅದೇ ಕಟ್ಟೆಯ ಮೇಲೆ ಬಾಯಾರ ಪಕ್ಕ ಕೂತು ಕುಡಿದರು. ದಾರಿಯಲ್ಲಿ ಬಾಯಾರು, "ಅರ್ಧ ದಾರಿ ಬಂದ್ರು, ತಮ್ಮಾ. ಉಳಿದರ್ಧಾನೂ ಬರ್ತಾರ, ಗಡಬಡಿ ಮಾಡಬಾರದು" ಎಂದರು. ಸಿಟ್ಟು ಇರಲಿಲ್ಲ ಆ ದನಿಯಲ್ಲಿ. ನನಗಿತ್ತು.

ಮೇಲಿನಿಂದ ಯಾರೂ ಬಂದು ನಿಲ್ಲುವುದಿಲ್ಲ ಎಂದು ಗಟ್ಟಿಯಾದ ಮೇಲೆ ಬಾಯಾರು ಬೇರೆ ದಾರಿ ಹಿಡಿದರು. ಊರಿನ ಹುಡುಗಿಯೊಬ್ಬಳನ್ನೇ ನರ್ಸಿಂಗ್ ಕಲಿಯಲು ಕಳಿಸಬೇಕು. ಅವಳಿಗೆ ಸೋರುವ ಕ್ವಾರ್ಟರ್ಸ್ ಬೇಕಿಲ್ಲ, ಬಾಡಿಗೆ ಮನೆ ಬೇಕಿಲ್ಲ, ಅವಳು ಬಿಟ್ಟು ಹೋಗುವುದಿಲ್ಲ. ಮ್ಯಾಟ್ರಿಕ್ ಪಾಸಾದ ಹುಡುಗಿ ಇದ್ದ ಮನೆಗಳಿಗೆಲ್ಲ ಹೋಗಿ ಕೂತರು. ಎಲ್ಲ ಮನೆಯಲ್ಲೂ ಅವರ ಕೈಯಿಂದ ಹುಟ್ಟಿದ ಕೂಸುಗಳು ಅಂಗಳದಲ್ಲಿ ಆಡುತ್ತಿದ್ದವು. ಉತ್ತರ ಮಾತ್ರ ಹೀಗೆ ಬರುತ್ತಿತ್ತು: "ಗಂಡಸರ ಮೈ ಮುಟ್ಟಬೇಕಂತಲ್ರಿ." "ರಾತ್ರಿ ಪಾಳಿ ಅಂದ್ರ ಮಂದಿ ಏನಂತಾರ್ರೀ?" "ನರ್ಸ್ ಕಲತಾಕಿನ್ನ ಯಾರ್ ಮಾಡ್ಕೋತಾರ, ನೀವ ಹೇಳ್ರಿ." ನರ್ಸು ಎಲ್ಲರ ಮನೆಗೂ ಬೇಕಾಗಿದ್ದಳು, ಯಾರ ಮನೆಯಿಂದಲೂ ಹೋಗಬಾರದಾಗಿತ್ತು. ನಾನಾಗಿದ್ದರೆ ನಾಲ್ಕು ಮಾತು ಆಡಿ ಎದ್ದು ಬರುತ್ತಿದ್ದೆ. ಬಾಯಾರು ಕೂಸುಗಳ ಮೂಗು ಒರೆಸಿ, ಸೂಜಿ ಹಾಕಿಸಲು ಕರೆತರುವ ದಿನ ಹೇಳಿ, ನಗುತ್ತ ಬರುತ್ತಿದ್ದರು.

ಕೊನೆಗೆ ಉಳಿದದ್ದು ಚನ್ನಬಸಪ್ಪನವರ ಮಗಳು ನೀಲಾ. ಮ್ಯಾಟ್ರಿಕ್ ಪಾಸಾಗಿ ಗಿರಣಿಯಲ್ಲಿ ಹಿಟ್ಟು ಹಿಡಿಯುತ್ತಿದ್ದಳು. ಬೀಸಲು ಜೋಳ ತಂದ ಬಾಯಾರು ಪಾಳಿಯಲ್ಲಿ ನಿಂತು, ಎಲ್ಲ ಹೆಂಗಸರೆದುರು ಚನ್ನಬಸಪ್ಪನವರನ್ನು ಕೇಳಿದರು. ನಾನೂ ನಮ್ಮ ಮನೆಯ ಬುಟ್ಟಿ ಇಟ್ಟುಕೊಂಡು ನಿಂತಿದ್ದೆ. ಚನ್ನಬಸಪ್ಪನವರು ಒಂದು ಚಿಟಿಕೆ ಹಿಟ್ಟು ತೆಗೆದು ಬೆರಳಲ್ಲಿ ಉಜ್ಜಿ ನೋಡಿದರು. ಆಮೇಲೆ, "ನಿಮಗೂ ಒಬ್ಬಾಕಿ ಮಗಳದಾಳಂತ, ನಮ್ಮ ನೀಲಾನ ವಾರಿಗೀಯಾಕಿ. ಅಕಿನ್ನ ಕಳಸ್ತೀರೇನ್ರಿ?" ಎಂದರು.

ಹೆಂಗಸರೆಲ್ಲ ಬಾಯಾರ ಮುಖ ನೋಡಿದರು. ಬಾಯಾರು ಜೋಳದ ಬುಟ್ಟಿ ಕೆಳಗಿಟ್ಟರು. "ಅಕಿನ್ನ ಕೇಳಿಲ್ರಿ ನಾ" ಎಂದರು. "ಐತವಾರ ಊರಿಗೆ ಹೋಗ್ತೀನಿ. ಕೇಳ್ಕೊಂಡು ಬಂದು ಹೇಳ್ತೀನಿ."

ಆ ವಾರವೇ ಇನ್ನೊಂದು ನಡೆಯಿತು. ಶನಿವಾರ ಡಾಕ್ಟರು ಬಂದು, ಬಾಯಾರಿಗೆ ಕುಂದಗೋಳಕ್ಕೆ ವರ್ಗವಾಗಿದೆ ಎಂದರು. ಅಲ್ಲಿಯ ನರ್ಸು ನಿವೃತ್ತರಾಗಿದ್ದರು. ನಮ್ಮಲ್ಲಿಗೆ ಬದಲಿ ಬರಲಿ ಬಿಡಲಿ, ಬಾಯಾರು ತಿಂಗಳ ಕೊನೆಗೆ ಹೋಗಬಹುದಿತ್ತು. ಡಾಕ್ಟರು, ನಾನು, ಬಾಯಾರು, ಮೂವರಿಗಷ್ಟೇ ಗೊತ್ತಿದ್ದ ಸುದ್ದಿ. ಬಾಯಾರು ತಿಂಗಳ ಕೊನೆಗೆ ಎಷ್ಟು ದಿನ ಉಳಿದಿವೆ ಎಂದು ಬೆರಳು ಮಡಿಚಿ ಎಣಿಸಿದರು. ಆ ರವಿವಾರ ಯಾವ ಕೂಸೂ ಅಡ್ಡ ಬರಲಿಲ್ಲ, ಬಸ್ಸು ಅವರನ್ನು ಕರೆದುಕೊಂಡು ಹೋಯಿತು.

ಸೋಮವಾರ ಬಸ್ಸಿಳಿದಾಗ ನಾನು ಅಲ್ಲೇ ಇದ್ದೆ. "ಮಗಳು ಏನಂದ್ಲ್ರೀ?" ಎಂದೆ.

"ವರ್ಗದ ಮಾತು ಕೇಳಿ ಕುಣದಾಡಿದ್ಲು, ತಮ್ಮಾ. ಪಡಸಾಲಿ ಸಾರಸಿ, ನನ್ನ ಹಾಸಿಗಿಗೆ ಜಾಗಾ ಮಾಡಿಟ್ಟಾಳ."

"ಇನ್ನೊಂದು ಮಾತು?"

"ಅದಕ್ಕ ಒಲ್ಲೆ ಅಂದ್ಲು."

ನನಗೆ ಗಾಬರಿಯಾಯಿತು. "ಗಿರಣ್ಯಾಗ ಹಂಗ ಹೇಳಬ್ಯಾಡ್ರಿ ಬಾಯಾರ. ಹೂಂ ಅಂದ್ಲು ಅಂದುಬಿಡ್ರಿ. ಕುಂದಗೋಳಕ್ಕ ಹೋಗಿ ಯಾರ್ ಕೇಳ್ತಾರ?" ಎಂದೆ. ಅವರು ನನ್ನನ್ನು ಬೈಯಲಿಲ್ಲ. "ಅವರು ಮಗಳನ್ನ ಕೊಡೂದಿದ್ರ ನನ್ನ ಮಾತಿನ ಮ್ಯಾಲ ಕೊಡಬೇಕು. ಆ ಮಾತ ಸುಳ್ಳಾದ್ರ ಹ್ಯಾಂಗ?" ಎಂದು ಚೀಲ ಹೆಗಲಿಗೇರಿಸಿ ಸೀದಾ ಗಿರಣಿಗೆ ನಡೆದರು. ನಾನು ಹಿಂದೆ ಹಿಂದೆ ಹೋದೆ.

ಬಾಯಾರು ಬಂದದ್ದು ಕಂಡು ಚನ್ನಬಸಪ್ಪನವರು ಪಟ್ಟಾ ಸರಿಸಿ ಗಿರಣಿ ನಿಲ್ಲಿಸಿದರು. ಹೆಂಗಸರು ಬುಟ್ಟಿ ಬಿಟ್ಟು ಹತ್ತಿರ ಬಂದರು.

"ಕೇಳಿದ್ರೇನ್ರಿ?"

"ಕೇಳಿದೆ. ಒಲ್ಲೆ ಅಂದ್ಲು."

"ಯಾಕಂತ್ರಿ?"

ಬಾಯಾರು ಮಗಳ ಮಾತನ್ನು ಒಂದು ಅಕ್ಷರ ಮೆತ್ತಗೆ ಮಾಡದೆ ಹೇಳಿದರು. "'ನನ್ನ ನೋಡ್ಲಿಕ್ಕೆ ಆಯಿ ಇದ್ಲು. ನಾ ನರ್ಸ್ ಆದ್ರ ನನ್ನ ಮಗಳನ್ನ ಯಾರು ನೋಡಬೇಕು? ನಿನ್ನಂತೂ ನಂಬೂಹಂಗಿಲ್ಲ' ಅಂದ್ಲು. ಖರೇನ ಅಂದಾಳ್ರಿ. ಅಕಿಗೆ ಮೈಯಾಗ ಉರಿ ಬಂದಾಗ ನಾ ಇಲ್ಲಿದ್ದೆ. ಅಕಿ ದೊಡ್ಡಾಕಿ ಆದಾಗ ಇಲ್ಲಿದ್ದೆ. ನಿಮ್ಮ ಸೊಸಿ ಹಡದ ದಿನ ಅಕಿ ಸಾಲ್ಯಾಗ ಬಹುಮಾನ ತಗೊಂಡ್ಲ್ರಿ. ಅವತ್ತೂ ಇಲ್ಲಿದ್ದೆ."

ಚನ್ನಬಸಪ್ಪನವರು ಹೆಗಲ ಮೇಲಿನ ವಸ್ತ್ರದಿಂದ ಮುಖದ ಹಿಟ್ಟು ಒರೆಸಿಕೊಂಡರು. "ಮತ್ತ ನನ್ನ ಮಗಳನ್ನ ಯಾಕ ಕೇಳ್ತೀರಿ?" ಎಂದರು. ಅದರಲ್ಲಿ ಕುಹಕ ಇರಲಿಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು.

"ನಾ ಒಬ್ಬಾಕೀನ ಇದ್ದದ್ದಕ್ಕ ಹಿಂಗಾತ್ರಿ. ಒಬ್ಬಾಕಿ ಇದ್ರ ಅಕಿಗೆ ಮನಿ ಇಲ್ಲ, ಮಗಳಿಲ್ಲ. ಅದನ್ನ ನೋಡಿ ಇನ್ನೊಬ್ಬಾಕಿ ಬರೂದಿಲ್ಲ. ಅಕಿ ಬರೂದಿಲ್ಲಂತ ಮತ್ತ ಒಬ್ಬಾಕೀನ. ಇಬ್ರಾದ್ರ ಒಬ್ಬಾಕಿ ಮನಿಗೆ ಹೋಗಬಹುದು. ಎಲ್ಲೆರೆ ಒಂದ್ ಕಡೆ ಇದು ಕಡೀಬೇಕಲ್ರಿ."

ನಾನು ಆಮೇಲೆ ಈ ವಿಷಯದ ಮೇಲೆ ಎಷ್ಟೋ ಭಾಷಣ ಕೇಳಿದ್ದೇನೆ. ಇದಕ್ಕಿಂತ ಸರಿಯಾದ ಮಾತನ್ನು ಕೇಳಿಲ್ಲ.

ಚನ್ನಬಸಪ್ಪನವರು ಮಗಳನ್ನು ನೋಡಿದರು. ನೀಲಾ ಹಿಟ್ಟಿನ ಡಬ್ಬಿಯ ಹಿಂದೆ ನಿಂತು, "ನಾ ಹೋಗ್ತೀನಪ್ಪಾ" ಎಂದಳು, ಯಾರಿಗೂ ಕೇಳಿಸಬಾರದು ಎನ್ನುವ ಹಾಗೆ. ಎಲ್ಲರಿಗೂ ಕೇಳಿಸಿತು.

"ಬಾಯಾರ, ಹೂಂ ಅಂದ್ಲು ಅಂತ ನೀವು ಹೇಳಿದ್ರ ನಾ ಕಳಸ್ತಿದ್ದಿಲ್ಲ" ಎಂದರು ಚನ್ನಬಸಪ್ಪ. "ಖರೇ ಹೇಳಿದ್ರಿ, ಕಳಸ್ತೀನಿ. ಆದ್ರ ಒಂದು. ನಾ ನಿಮ್ಮನ್ನ ನೋಡಿ ಕಳಸೂದು. ಇಕಿ ಕಲತು ಬಂದು ನಿಮ್ಮ ಕೈಕೆಳಗ ತಯಾರ ಆಗೂತನಾ ನೀವು ಈ ಊರು ಬಿಡಬಾರದು. ನೀವ ಬಿಟ್ಟು ಹೋದ್ರ ನಾ ಯಾರ ಮಾರಿ ನೋಡ್ಕೋತ ಧೈರ್ಯ ತಗೊಳ್ಳಲಿ?"

ಪಾಪ, ಅವರಿಗೇನು ಗೊತ್ತು? ಬಾಯಾರು ಈಗ ವರ್ಗದ ಮಾತು ಹೇಳುತ್ತಾರೆ, ಹೇಳಲೇಬೇಕು ಎಂದುಕೊಂಡೆ. ಕುಂದಗೋಳದಲ್ಲಿ ಸಾರಿಸಿಟ್ಟ ಪಡಸಾಲೆ ನನ್ನ ಕಣ್ಣಿಗೇ ಕಟ್ಟಿತ್ತು.

"ಆತ್ರಿ" ಎಂದರು ಬಾಯಾರು. "ಇರ್ತೀನಿ."

ಓಣಿ ದಾಟಿದ ಮೇಲೆ ನಾನು ತಡೆಯಲಾಗದೆ, "ವರ್ಗದ್ದೇನ್ರಿ?" ಎಂದೆ. ಬೇಡವೆಂದು ಡಾಕ್ಟರಿಗೆ ಹೇಳುತ್ತೇನೆ ಎಂದರು. "ಮಗಳಿಗೆ?" ಎಂದೆ. ಅವರು ನಿಂತರು. ಅಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ರಸ್ತೆಯ ನಡುವೆ, ಚೀಲ ಕೆಳಗಿಟ್ಟು, ಸೆರಗು ಬಾಯಿಗೊತ್ತಿಕೊಂಡು ಅತ್ತರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇವರು ಬಂದ ತುತ್ತನ್ನು ತಾವೇ ತೆಗೆದು ಇನ್ನೊಬ್ಬರ ಎಲೆಗೆ ಇಟ್ಟಿದ್ದರು. ಇಂಥವರನ್ನು ಏನೆಂದು ಕರೆಯಬೇಕೋ ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ.

ವರ್ಗ ರದ್ದಾದ ಸುದ್ದಿ ಡಾಕ್ಟರ ಬಾಯಿಂದ ಚನ್ನಬಸಪ್ಪನವರಿಗೆ ತಿಳಿಯಿತು. ಆಗ ನೀಲಾ ಹುಬ್ಬಳ್ಳಿಗೆ ಕಲಿಯಲು ಹೋಗಿ ಆಗಿತ್ತು. ಅವರು ದವಾಖಾನೆಗೆ ಬಂದು, "ನನಗೊಂದು ಮಾತು ಹೇಳಬಾರದಿತ್ತೇನ್ರಿ?" ಎಂದರು. "ಹೇಳಿದ್ರ ನೀವು ಹೋಗ್ರಿ ಅಂತಿದ್ರಿ. ನೀಲಾ ಗಿರಣ್ಯಾಗ ಉಳೀತಿದ್ಲು" ಎಂದು ಬಾಯಾರು ಗಾಜಿನ ಸಿರಿಂಜು ಕುದಿಸುತ್ತ ನಿಂತರು. ಚನ್ನಬಸಪ್ಪನವರು ಬಂದ ಹಾಗೆ ಹೋದರು. ಮರುದಿನ ಮಕ್ಕಳನ್ನು ಕರೆದುಕೊಂಡು, ಬಂಡಿಯಲ್ಲಿ ಹಂಚು ಹೇರಿಕೊಂಡು ಬಂದು ಕ್ವಾರ್ಟರ್ಸಿನ ಮಾಡಿಗೆ ಏರಿದರು. ಮುಂದಿನ ಹಬ್ಬಕ್ಕೆ ಬಾಯಾರನ್ನು ಮನೆಯ ಒಳಗೆ ಕರೆದು, ಮನೆಮಂದಿಯ ಸಾಲಿನಲ್ಲಿ ಕೂಡಿಸಿ ಊಟಕ್ಕೆ ಬಡಿಸಿದರು. ಜಾತಿ ಕೆಟ್ಟಿತು, ಹೆಣ್ಣುಮಗಳನ್ನು ಸೂತಕದ ಕೆಲಸಕ್ಕೆ ಹಾಕಿದಿರಿ ಎಂದು ಮಠದ ಕಟ್ಟೆಯಲ್ಲಿ ಕೆಲವರು ಆಡಿಕೊಂಡರು. "ನಮ್ಮಲ್ಲಿ ಸೂತಕ ಇಲ್ಲ ಅಂತ ನನಗ ಸಣ್ಣಂದಿರತ ಕಲಿಸಿದವರು ನೀವ ಅಲ್ಲೇನ್ರಿ? ಹೇಳಿದ್ದು ನೀವು, ಕೇಳಿದ್ದು ನಾನು" ಎಂದರಂತೆ ಚನ್ನಬಸಪ್ಪ.

ಕುಂದಗೋಳದ ಹುಡುಗಿ ಮಾತ್ರ ಅವ್ವನ ಜೊತೆ ಮಾತು ಬಿಟ್ಟಳು. ಬಾಯಾರು ಹೋದರೆ ನೀರು ಕೊಡುತ್ತಿದ್ದಳಂತೆ, ರೊಟ್ಟಿ ಬಡಿಸುತ್ತಿದ್ದಳಂತೆ, ಗೋಡೆಗೆ ಮುಖ ಮಾಡಿ ಕೂಡುತ್ತಿದ್ದಳಂತೆ. "ಊರಿಗೆ ಉಪಕಾರಿ, ಮನಿಗೆ ಮಾರಿ" ಎಂದು ಬಾಯಾರ ತಾಯಿಯೇ ಅಂದರಂತೆ. ಇದನ್ನೆಲ್ಲ ಬಾಯಾರು ದೂರಿನಂತೆ ಹೇಳುತ್ತಿರಲಿಲ್ಲ. ಮುಂದೆ ಆ ಹುಡುಗಿಗೆ ಅಣ್ಣಿಗೇರಿಯ ಹತ್ತಿರದ ಒಂದು ಹಳ್ಳಿಯ ಮಾಸ್ತರನ ಜೊತೆ ಮದುವೆಯಾಯಿತು. ಮಗಳ ಮದುವೆಗೆ ಬಾಯಾರು ಹಿಂದಿನ ದಿನ ಮುಟ್ಟಿದರು, ಮರುದಿನ ತಿರುಗಿ ಬಂದರು. ಹೊಸ ವರ್ಗ ಮತ್ತೆ ಬರಲಿಲ್ಲ.

ನೀಲಾ ಕಲಿತು ಬಂದಳು. ಸ್ವಂತ ಊರಿಗೆ ಹಾಕುವ ರೂಢಿ ಇರಲಿಲ್ಲ, ಆದರೆ ನಮ್ಮ ಊರಿಗೆ ಹೋಗುತ್ತೇನೆ ಎಂದವರು ಬೇರೆ ಯಾರೂ ಇಲ್ಲದ್ದರಿಂದ ಸರಕಾರ ಸಂತೋಷದಿಂದ ಅವಳನ್ನೇ ಹಾಕಿತು. ಒಂದು ಖುರ್ಚಿಯ ಮೇಲಿನ ಹತ್ತಿಯ ಗಂಟು ಕೆಳಗಿಳಿಯಿತು. ಬಾಯಾರು ಅವಳನ್ನು ಎಲ್ಲ ಮನೆಗೂ ಕರೆದುಕೊಂಡು ಹೋದರು, ಮೊದಮೊದಲು ಅವಳ ಹಿಂದೆ ನಿಂತರು, ಆಮೇಲೆ ಬಾಗಿಲಲ್ಲಿ ನಿಂತರು, ಆಮೇಲೆ ಹೋಗುವುದನ್ನೇ ಬಿಟ್ಟರು.

ಹೀಗಿರುವಾಗ ಒಂದು ದಿನ ಬಸ್ಸಿನಿಂದ ತುಂಬು ಬಸುರಿಯೊಬ್ಬಳು ಟ್ರಂಕು ಇಳಿಸಿಕೊಂಡು, "ನರ್ಸಬಾಯಾರ ಮನಿ ಎಲ್ಲೈತ್ರಿ?" ಎಂದು ನನ್ನನ್ನು ಕೇಳಿದಳು. ಗುರುತು ಹೇಳಬೇಕಾಗಿರಲಿಲ್ಲ. ಅದೇ ಎತ್ತರ, ಅದೇ ಅಗಲ ಹೆಜ್ಜೆ. ಟ್ರಂಕು ಹೊತ್ತು ನಾನೇ ಕರೆದುಕೊಂಡು ಹೋದೆ. ಬಾಗಿಲು ತೆಗೆದ ಬಾಯಾರು ಮಗಳ ಮುಖ ನೋಡಿದರು, ಹೊಟ್ಟೆ ನೋಡಿದರು.

"ತವರಮನಿಗೆ ಬಂದೀನಿ, ಹಡೀಲಿಕ್ಕೆ" ಎಂದಳು ಹುಡುಗಿ.

"ಕುಂದಗೋಳಕ್ಕ ಹೋಗೂದ ಬಿಟ್ಟು... ಅಲ್ಲಿ ಆಯಿ ಹಾದಿ ನೋಡ್ತಿರ್ತಾಳಲ್ಲಬೇ?"

"ಅದು ಆಯಿ ಮನಿ. ತವರಮನಿ ಅಂದ್ರ ಅವ್ವ ಇರೂದಲ್ಲೇನು?"

ನಾನು ಟ್ರಂಕು ಇಟ್ಟು ಹೊರಬಿದ್ದೆ. ಆಮೇಲೆ ಆ ಹುಡುಗಿ ನನ್ನ ಹೆಂಡತಿಗೆ ಹೇಳಿದಳಂತೆ: ಗಂಡನ ಊರಲ್ಲೂ ಒಂದು ಸರಕಾರಿ ಕೋಣೆ ಇದೆ, ನರ್ಸು ಇಲ್ಲದೆ ಬೀಗ ಹಾಕಿದೆ. ಪಕ್ಕದ ಮನೆಯವಳಿಗೆ ಬೇನೆ ಬಂದಾಗ ಇವಳೂ ಹೋಗಿ ನಿಂತಿದ್ದಳು. ಬಂಡಿ ಕಟ್ಟಿ ಅಣ್ಣಿಗೇರಿಯ ದಾರಿ ಹಿಡಿದರು, ಅರ್ಧ ದಾರಿಯಿಂದ ಬಂಡಿ ತಿರುಗಿ ಬಂತು. "ಅವತ್ತ ನಂಗ, ನಮ್ಮವ್ವ ಬಸ್ಸಿನಿಂದ ಯಾಕ ಇಳೀತಿದ್ಲು ಅಂತ ತಿಳೀತ್ರಿ" ಎಂದಳಂತೆ.

ಅವಳಿಗೆ ಬೇನೆ ಶುರುವಾದದ್ದು ಒಂದು ಮುಂಜಾನೆ. ನನ್ನ ಹೆಂಡತಿ ಒಳಗಿದ್ದಳು, ನಾನು ಹಿಂದಿನ ದಿನ ಬಂದಿದ್ದ ಬಾಯಾರ ಅಳಿಯನ ಜೊತೆ ಕಟ್ಟೆಯ ಮೇಲಿದ್ದೆ. ಬಾಯಾರು ಎಂದಿನಂತೆ ಮೊಣಕೈವರೆಗೆ ಸಾಬೂನು ಹಚ್ಚಿ ತಿಕ್ಕಿ ಕೈ ತೊಳೆದುಕೊಂಡು ಬಂದರಂತೆ. ಬಂದವರು ಮಗಳ ಮುಖ ನೋಡಿ ಅಲ್ಲೇ ನಿಂತರಂತೆ. ಆಮೇಲೆ ನೀಲಾಗೆ, "ನೀ ಮಾಡು. ಇವತ್ತ ನನ್ನ ಕೈಲೆ ಆಗೂದಿಲ್ಲ" ಎಂದು ಹೋಗಿ ಮಗಳ ತಲೆಯ ಹತ್ತಿರ ಕೂತುಬಿಟ್ಟರಂತೆ. ನೀಲಾ ಹೆದರಿದಳು, ಹೆದರುತ್ತಲೇ ಮಾಡಿದಳು. ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ಕೂಸಿನ ಅಳು ಕೇಳಿತು. ಹೆಣ್ಣು.

ಸ್ವಲ್ಪ ಹೊತ್ತಿಗೆ ಬಮ್ಮಿಗಟ್ಟಿಯ ಕಡೆಯಿಂದ ಒಂದು ಬಂಡಿ ಓಡಿಕೊಂಡು ಬಂತು. ಎತ್ತುಗಳ ಬಾಯಲ್ಲಿ ನೊರೆ. ಬಂಡಿಯವನು ಇಳಿಯುವ ಮೊದಲೇ, "ಬಾಯಾರ! ಲಗೂನ ಬರ್ರಿ, ನನ್ನ ಹೆಂಡ್ತಿಗೆ ಭಾಳ ತ್ರಾಸ ಆಗೇತ್ರಿ!" ಎಂದು ಕೂಗಿದ. ನಾನು ಬಾಗಿಲಿಗೆ ಹೋದೆ. ಒಳಗೆ ಬಾಯಾರು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಗಳು ಅವರ ಕೈ ಹಿಡಿದಿದ್ದಳು. ಕೂಗು ಕೇಳಿ ಆ ಕೈ ಒಮ್ಮೆ ಗಟ್ಟಿಯಾದದ್ದು ನನಗೆ ಕಾಣಿಸಿತು. ಆಮೇಲೆ ಅವಳು ತಾನಾಗಿಯೇ ಅದನ್ನು ಸಡಿಲ ಬಿಟ್ಟಳು. "ಹೋಗವ್ವಾ, ಕರೀಲಿಕತ್ತಾರ" ಎಂದಳು. ಸಿಟ್ಟಿನಿಂದಲ್ಲ.

ನೀಲಾ ಅಷ್ಟರಲ್ಲಿ ಕೂಸನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. "ನಾ ಹೊಂಟೀನ್ರಿ ಬಾಯಾರ" ಎಂದು ಹೊಸ್ತಿಲು ದಾಟಿ ಬಂಡಿ ಏರಿದಳು. ಗಾಲಿಯ ಸದ್ದು ಓಣಿಯ ತುದಿಯವರೆಗೆ ಕೇಳಿಸುತ್ತಿತ್ತು. ಬಾಯಾರು ಮಗಳು ಸಡಿಲ ಬಿಟ್ಟ ಕೈಯನ್ನು ಮತ್ತೆ ಎತ್ತಿ ತಮ್ಮ ಕೈಯಲ್ಲಿ ಹಿಡಿದುಕೊಂಡರು. ಏಳಲಿಲ್ಲ.